ತಾನೇ ಹೋಗಿ ಹೆಣ್ಣು ಕೇಳಿದ ಚಿಕ್ಕಪ್ಪನಿಗೆ

ಚಿಕ್ಕಪ್ಪಾ,

ನಿನ್ನ ಗಿರಿಜಾ ಬರೆಯುತ್ತಿದ್ದೇನೆ. ನೀನು ಹೋಗಿ ವರ್ಷ ತುಂಬುತ್ತ ಬಂತು. ಇಷ್ಟು ದಿನ ನಿನಗೆ ಬರೆಯಲು ನನ್ನಲ್ಲಿ ಅಳುವೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ. ಅಳುವವರ ಎದುರು ಕೂರಲು ನಿನ್ನ ಕೈಲಿ ಆಗುತ್ತಿರಲಿಲ್ಲ, ಏನಾದರೊಂದು ನೆಪ ತೆಗೆದು ಎದ್ದುಬಿಡುತ್ತಿದ್ದೆ. ಅದಕ್ಕೇ ಸುಮ್ಮನಿದ್ದೆ. ಈಗ ಒಂದು ಸುದ್ದಿ ಇದೆ, ಅದನ್ನು ನಿನಗೆ ಹೇಳದೆ ಇರಲಾರೆ. ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. ನೀನಾದರೂ ಯಾವ ಮಾತನ್ನು ನೇರವಾಗಿ ಶುರು ಮಾಡುತ್ತಿದ್ದೆ ಹೇಳು? ಗಿರಾಕಿ ಒಂದು ಪಂಚೆ ಕೇಳಿದರೆ ಅವರ ಊರಿನ ಮಳೆ ಬೆಳೆ ವಿಚಾರಿಸಿದ ಮೇಲೇ ಅಲ್ಲವೇ ಗಂಟು ಬಿಚ್ಚುತ್ತಿದ್ದದ್ದು.

ಬಟ್ಟೆ ಅಳೆಯುವ ಗಜ ಹೋಗಿ ಮೀಟರು ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ. ಸುತ್ತಲ ಹಳ್ಳಿಯಿಂದ ಬಂದ ಹೆಂಗಸರು "ಮೀಟರು ಗೀಟರು ನಮಗೆ ತಿಳಿಯಂಗಿಲ್ಲ, ಗಜದಾಗೆ ಹೇಳ್ರಿ" ಎಂದು ನಿನ್ನ ಜೊತೆ ವಾದ ಮಾಡಿ ಹೋಗಿದ್ದರು. ಅಪ್ಪ ಊಟಕ್ಕೆ ಮನೆಗೆ ಹೋಗಿದ್ದರು. ನಾನು ಬಿ.ಎ. ಎರಡನೇ ವರ್ಷ. ಕಾಲೇಜು ಬೇಗ ಬಿಟ್ಟ ದಿನ ದಾವಣಗೆರೆಯ ನಮ್ಮ ಬಟ್ಟೆ ಅಂಗಡಿಯ ಒಳಗೆ, ಥಾನುಗಳ ನಡುವೆ ಕೂತು ಓದುವುದು ನನ್ನ ರೂಢಿ. ಹೊಸ ಬಟ್ಟೆಯ ಗಂಜಿ ವಾಸನೆಯಲ್ಲಿ ಓದಿದ್ದು ನನಗೆ ಬೇಗ ತಲೆಗೆ ಹತ್ತುತ್ತಿತ್ತು. ನೀನು ಬೆವರು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತೆ.

"ಏನೈತೆ ಅದರಾಗೆ, ಅಷ್ಟು ಮುಳುಗಿ ಓದಾಕೆ?"

"ಕಾದಂಬರಿ ಚಿಕ್ಕಪ್ಪ. ಇಂಗ್ಲೆಂಡಿಂದು. ನೂರೈವತ್ತು ವರ್ಷ ಹಿಂದಿಂದು."

"ಯುದ್ಧದ್ದಾ?"

"ಅಲ್ಲ. ಮದುವೆದು."

"ಬರೀ ಮದುವೆದಾ? ಇಷ್ಟು ದಪ್ಪ ಪುಸ್ತಕ?"

ಆಗ ನಾನು ಹೇಳಿದೆ. ಆ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತಿರುತ್ತದೆ, ಊರವರ ಮಾತೆಲ್ಲ ಯಾರ ಮಗಳನ್ನು ಯಾರು ಕೇಳುತ್ತಾರೆ ಎಂಬುದರ ಮೇಲೇ ಇರುತ್ತದೆ ಎಂದೆ. ಗಂಡಿನ ಹೆಸರು ಹೇಳುವ ಮೊದಲೇ ಅವನ ಜಮೀನಿನ ಉತ್ಪನ್ನ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ಆಸ್ತಿಯಿಲ್ಲ, ದುಡಿಮೆಯಿಲ್ಲ. ಪಿಯಾನೋ ಬಾರಿಸಬೇಕು, ಚಿತ್ರ ಬರೆಯಬೇಕು, ಕುಣಿತದ ಸಂಜೆಯಲ್ಲಿ ಯಾರಾದರೂ ಬಂದು ಕೈ ನೀಡುತ್ತಾರೇನೋ ಎಂದು ಗೋಡೆಗೆ ಒರಗಿ ಕಾಯಬೇಕು. ಯಾರು ಯಾರಿಗೆ ಮೊದಲು ತಲೆಬಾಗಿದರು, ಯಾರ ಸಾರೋಟಿಗೆ ಎಷ್ಟು ಕುದುರೆ, ಎಲ್ಲ ಲೆಕ್ಕ. ನೀನು ತೊಡೆ ತಟ್ಟಿಕೊಂಡು ನಕ್ಕೆ. "ಹಂಗಾರೆ ಇದು ನಮ್ಮ ಪ್ಯಾಟೆ ಕತೆನೇ ಬಿಡು. ಕುಣಿಯೋದೊಂದು ಇಲ್ಲ."

ಅಂದಿನಿಂದ ದಿನಾ ಒಂದೊಂದು ಅಧ್ಯಾಯ ನಿನಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸವಾಯಿತು. ನಮಗೆ ಪಠ್ಯವಾಗಿದ್ದದ್ದು ಸತ್ತುಹೋದ ಪಾದ್ರಿಯೊಬ್ಬನ ಮಗಳ ಕತೆ. ಕೈಯಲ್ಲಿ ಏನೂ ಇಲ್ಲದವಳು. ಅವಳನ್ನು ಒಬ್ಬ ಸ್ಥಿತಿವಂತ ಜಮೀನ್ದಾರ ಕೇಳುತ್ತಾನೆ. ಒಳ್ಳೆಯವನೇ, ಆದರೆ ತನ್ನ ಮಾತು ತಾನೇ ಕೇಳಿ ಸಂತೋಷಪಡುವವನು. ಅವಳು ಒಲ್ಲೆ ಎನ್ನುತ್ತಾಳೆ. ಆ ಅಧ್ಯಾಯ ಹೇಳಿದ ದಿನ ನಿನಗೆ ಸಿಟ್ಟೇ ಬಂದಿತ್ತು.

"ಹುಚ್ಚಿ. ಹೊಟ್ಟೆಗೆ ಏನ್ ಮಾಡ್ತಾಳಂತೆ? ನಿಮ್ಮ ಮೇಡಮ್ಮನ್ನ ಕೇಳು."

ಕೇಳಿದೆ. ವಿಶಾಲಾಕ್ಷಿ ಮೇಡಂ ಕ್ಲಾಸು ಮುಗಿಸಿ ಹೊರಟಿದ್ದವರು ವರಾಂಡದಲ್ಲಿ ನಿಂತರು. "ಯಾರು ಕೇಳಿದ್ದು ಈ ಪ್ರಶ್ನೆ?" ನಮ್ಮ ಚಿಕ್ಕಪ್ಪ ಎಂದೆ. ಬಟ್ಟೆ ಅಂಗಡಿ ಎಂದೂ ಹೇಳಿದೆ. ಅವರು ನಗಲಿಲ್ಲ. "ಅವರಿಗೆ ಹೇಳು, ಅವಳು ಹೊಟ್ಟೆ ಬಗ್ಗೆ ಯೋಚನೆ ಮಾಡೇ ಒಲ್ಲೆ ಅಂದಿದ್ದು. ಹೊಟ್ಟೆ ತುಂಬಿಸಿದ ಋಣ ದಿನಾ ತೀರಿಸಬೇಕಾಗುತ್ತೆ ಅಂತ ಅವಳಿಗೆ ಗೊತ್ತಿತ್ತು" ಎಂದರು. ಸಂಜೆ ನಿನಗೆ ತಲುಪಿಸಿದೆ. ನೀನು ಕತ್ತರಿ ಕೆಳಗಿಟ್ಟು ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡೆ. ಮರುದಿನ ನಿನ್ನದು ಇನ್ನೊಂದು ಪ್ರಶ್ನೆ, ಅವರದು ಇನ್ನೊಂದು ಉತ್ತರ. ಅವರು ಹೇಳಿದ್ದನ್ನೆಲ್ಲ ನೀನು ಒಪ್ಪಿದೆಯೆಂದಲ್ಲ. "ಅವರಿಗೆ ಹೇಳು, ಆ ಜಮೀನ್ದಾರ ಪಾಪದವನು, ಅವನ ಮ್ಯಾಲೆ ಸುಮ್ಮನೆ ಸಿಟ್ಟು ಮಾಡ್ಕೋಬ್ಯಾಡ್ರಿ ಅಂತ" ಎಂದಿದ್ದೆ ಒಮ್ಮೆ. ಅದಕ್ಕೆ ಅವರು, "ನಿಮ್ಮ ಚಿಕ್ಕಪ್ಪ ಅರ್ಧ ಪುಸ್ತಕಕ್ಕೇ ತೀರ್ಪು ಕೊಡ್ತಾರೆ, ಪೂರ್ತಿ ಕೇಳಲಿ" ಎಂದಿದ್ದರು. ನಿಜಕ್ಕೂ ಆ ಜಮೀನ್ದಾರ ಕೊನೆಯಲ್ಲಿ ಎಂಥ ಹೇಡಿಯಾದ ಎಂದು ಕೇಳಿ ನೀನು ಒಂದು ಸಂಜೆಯೆಲ್ಲ ಮುಖ ಗಂಟುಹಾಕಿಕೊಂಡಿದ್ದೆ.

ಮೇಡಂ ಮೊದಲ ಸಲ ಅಂಗಡಿಗೆ ಬಂದ ದಿನ ನೀನು ಜಮಖಾನೆ ಎರಡು ಸಲ ಕೊಡವಿ ಹಾಸಿದೆ. ಅವರು ಒಂದು ಕೈಮಗ್ಗದ ಸೀರೆ ಕೈಗೆತ್ತಿಕೊಂಡು, ಬೆಲೆ ಕೇಳಿ, ಮೆಲ್ಲನೆ ಕೆಳಗಿಟ್ಟು ಇನ್ನೊಂದು ಸಾದಾ ಸೀರೆ ತೆಗೆದುಕೊಂಡರು. ಬೇರೆ ಯಾರಾದರೂ ಆಗಿದ್ದರೆ ನೀನು "ಇರ್ಲಿ ತಗೊಳ್ರಿ, ಆಮೇಲೆ ಕೊಡೀರಂತೆ" ಎನ್ನುತ್ತಿದ್ದೆ. ಅವರಿಗೆ ಹಾಗೆ ಹೇಳಲಿಲ್ಲ. ಆ ಸಾದಾ ಸೀರೆಯನ್ನೇ ರೇಷ್ಮೆ ಸೀರೆಯಂತೆ ಮಡಿಚಿ ಕೊಟ್ಟೆ. ಅದನ್ನು ನಾನು ನೋಡಿದೆ, ಅವರೂ ನೋಡಿದರು ಅನಿಸುತ್ತದೆ. ಆ ಮೇಲೆ ನೀನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳಲು ಶುರು ಮಾಡಿದ್ದು ಅಮ್ಮನ ಕಣ್ಣಿಗೂ ಬಿತ್ತು.

ಇದು ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ನಿನ್ನ ಹೆಂಡತಿ, ನಮ್ಮ ಗೌರಕ್ಕ ಚಿಕ್ಕಮ್ಮ, ತೀರಿಕೊಂಡಾಗ ನಾನು ಲಂಗ ಹಾಕುವ ಹುಡುಗಿ. ಮಕ್ಕಳಿರಲಿಲ್ಲ. ನಿನಗೆ ಹೆಣ್ಣು ತೋರಿಸಲು ಎಷ್ಟು ಜನ ಬಂದರು. ಹದಿನೆಂಟರ ಹುಡುಗಿಯರ ಫೋಟೋ ತಂದರೆ "ಇದು ನಮ್ಮ ಗಿರಿಜಿ ಜೊತಿಗೆ ಕುಂಟೆಬಿಲ್ಲೆ ಆಡೋ ಹುಡುಗಿ" ಎಂದು ತಿರುಗಿಸಿ ಕೊಡುತ್ತಿದ್ದೆ. ನಲವತ್ತು ದಾಟಿತು. ಇನ್ನು ಇವನು ಹೀಗೇ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ನೀನೂ ಮಾಡಿಕೊಂಡಿದ್ದೆಯೇನೋ.

ಒಂದು ಸಂಜೆ ಅಂಗಡಿಯ ಬಾಗಿಲಿನ ಹಲಗೆ ಜೋಡಿಸುತ್ತ ನೀನು ಕೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಆ ಪುಸ್ತಕದಾಗೆ ಹೆಣ್ಣು ಕೇಳಾಕೆ ಯಾರ್ ಹೋಗ್ತಾರೆ?"

"ಗಂಡೇ ಹೋಗ್ತಾನೆ."

"ಹಿರೇರು?"

"ಇಲ್ಲ. ಮೊದಲು ಅವನೇ ಹೋಗಿ ಅವಳನ್ನೇ ಕೇಳ್ತಾನೆ. ಅವಳು ಹೂಂ ಅಂದಮೇಲೆ ಅವರಪ್ಪನ್ನ."

"ಅವಳು ಒಲ್ಲೆ ಅಂದ್ರೆ?"

"ಟೋಪಿ ತಗೊಂಡು ಎದ್ದು ಬರ್ತಾನೆ."

ನೀನು ಕೊನೆಯ ಹಲಗೆ ಇಟ್ಟು ಬೀಗ ಹಾಕಿದೆ. "ಬರೋ ಐತವಾರ ಹರಿಹರಕ್ಕೆ ಹೋಗಾನ. ನೀನೂ ಬಾ. ನಾನೊಬ್ಬನೇ ಹೋದರೆ ಅವರ ಮನಿಗೆ ಕೆಟ್ಟ ಹೆಸರು" ಎಂದೆ. ಅಷ್ಟೇ. ಯಾರ ಮನೆಗೆ ಎಂದು ನಾನು ಕೇಳಲಿಲ್ಲ; ಮೇಡಂ ದಿನಾ ಕಾಲೇಜಿಗೆ ಬರುತ್ತಿದ್ದದ್ದು ಅಲ್ಲಿಂದಲೇ.

ಹರಿಹರದ ಸ್ಟೇಷನ್ನಿನ ಹಿಂದಿನ ಆ ಎರಡು ಕೋಣೆಯ ಬಾಡಿಗೆ ಮನೆ. ರೈಲುಗಾಡಿ ಹೋದಾಗಲೆಲ್ಲ ಗೂಡಿನಲ್ಲಿಟ್ಟ ಲೋಟಗಳು ಗಲಗಲ ಎನ್ನುತ್ತಿದ್ದವು. ಮೇಡಮ್ಮಿನ ತಾಯಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತು, ನಮ್ಮ ಹಿಂದೆ ಇನ್ನಾರಾದರೂ ಬರುತ್ತಿದ್ದಾರೋ ಎಂದು ಬೀದಿಯ ಕಡೆ ನೋಡಿದರು. "ಬರ್ರಿ, ಕೂಡ್ರಿ. ಹಿರೇರು ಯಾರೂ ಬರಲಿಲ್ಲೇನ್ರಿ?" ನೀನು ಹೇಳಿದೆ, "ನಾನೇ ಹಿರಿಯಾನಾಗೀನಿ ಅಮ್ಮ. ಇನ್ನ ಯಾರನ್ನ ಕರ್ಕೊಂಡು ಬರ್ಲಿ?" ಆ ಮುದುಕಿ ಬಾಯಿಗೆ ಸೆರಗು ಹಿಡಿದು ಒಳಗೆ ಹೋದರು. ನಕ್ಕರೋ, ಗಾಬರಿಯಾದರೋ, ನನಗೆ ತಿಳಿಯಲಿಲ್ಲ.

ಅವರದು ಅಯ್ಯನೋರ ಮನೆತನ, ಪೂಜೆ ಮಾಡಿಸುವ ಜಂಗಮರು. ತಂದೆ ಶಾಲೆಯ ಮಾಸ್ತರಾಗಿದ್ದವರು, ಪುಸ್ತಕಗಳನ್ನು ಬಿಟ್ಟು ಬೇರೇನೂ ಉಳಿಸದೆ ಹೋಗಿದ್ದರು. ನಮ್ಮದು ಅಂಗಡಿಯವರ ಮನೆ. ಅವರ ಕಣ್ಣಿಗೆ ನಾವು ಒಂದು ಮೆಟ್ಟಿಲು ಕೆಳಗೆ, ನಮ್ಮವರ ಕಣ್ಣಿಗೆ ಅವರು ಎರಡು ಮೆಟ್ಟಿಲು ಕೆಳಗೆ. ಪೂಜೆಗೆ ಅವರು ಮುಂದೆ ಕೂರಬೇಕು, ಸಂಬಂಧಕ್ಕೆ ಹಿಂದೆ ನಿಲ್ಲಬೇಕು. ಮೇಡಂ ಕ್ಲಾಸಿನಲ್ಲಿ ಇಂಗ್ಲೆಂಡಿನ ಅಂತಸ್ತುಗಳನ್ನು ಬಿಡಿಸಿ ಹೇಳುವಾಗ ನಾವು ಹುಡುಗಿಯರು ಎಷ್ಟು ನಗುತ್ತಿದ್ದೆವು. ಆ ಕೋಣೆಯಲ್ಲಿ ಕೂತಾಗ ನನಗೆ ನಗು ಬರಲಿಲ್ಲ.

ಮೇಡಂ ಬಂದು ಗೋಡೆಯ ಹತ್ತಿರದ ಸ್ಟೂಲಿನ ಮೇಲೆ ಕೂತರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ. ನೀನು ಅಲ್ಲಿ ಆಡಿದ ಮಾತನ್ನು ಆ ಕಾದಂಬರಿಯ ಯಾವ ಗಂಡೂ ಆಡಲಾರ. ಅವರೆಲ್ಲ ತಮ್ಮ ಮನಸ್ಸಿನ ತಳಮಳ ಹೇಳುತ್ತಾರೆ. ನೀನು ನಿನ್ನ ಕೊರತೆ ಹೇಳಿದೆ.

"ನಾನು ಓದಿದ್ದು ಲೋಯರ್ ಸೆಕೆಂಡರಿ. ಇಂಗ್ಲಿಷ್ ಅಂದ್ರೆ ಮಿಲ್ಲಿನ ಹೆಸರು ಓದ್ತೀನಿ ಅಷ್ಟೇ. ಮೊದಲ್ನೇ ಹೆಂಡ್ತೀನ ನಾನು ಸರಿಯಾಗಿ ಮಾತಾಡ್ಸಲಿಲ್ಲ ಅಂತ ಈಗ ಅನ್ನಿಸ್ತೈತೆ, ಆಗ ನನಗೆ ತಿಳೀಲಿಲ್ಲ. ನಿಮ್ಮ ಜೊತಿಗೆ ಮಾತಾಡ್ತಾ ಇರಬೇಕು ಅನ್ನಿಸ್ತು. ಅದಕ್ಕೇ ಬಂದೆ. ನೀವು ಒಲ್ಲೆ ಅಂದ್ರೆ ಬ್ಯಾಸರ ಇಲ್ಲ. ಅಂಗಡಿಗೆ ಬರೋದು ಮಾತ್ರ ಬಿಡಬ್ಯಾಡ್ರಿ."

ಮೇಡಂ ಸೆರಗಿನ ಅಂಚನ್ನು ಸರಿಮಾಡಿಕೊಂಡರು. ಆಮೇಲೆ ಕ್ಲಾಸಿನಲ್ಲಿ ಮಾತಾಡುವಷ್ಟೇ ಸ್ಪಷ್ಟವಾಗಿ ಹೇಳಿದರು. "ಆ ಕಾದಂಬರೀಲಿ ಹುಡುಗಿ ಹೂಂ ಅಂದ್ರೆ ಅವಳಿಗೆ ಒಂದು ಮನೆ ಸಿಗುತ್ತೆ. ಅನ್ನ ಸಿಗುತ್ತೆ. ನನಗೆ ಅದೆರಡೂ ಇದಾವ್ರಿ. ಚಿಕ್ಕದೇ ಇರಬಹುದು, ನಂದೇ. ನಾನು ಹೂಂ ಅಂದ್ರೆ ನಿಮ್ಮ ಮನೆಯೋರು ಮೊದಲು ಬಿಡಿಸೋದೇ ನನ್ನ ಕೆಲಸ. ಹಂಗಾದಮೇಲೆ ನಾನು ಯಾಕೆ ಹೂಂ ಅನ್ನಬೇಕು?"

ನೀನು ಪೇಟ ತೆಗೆದು ಮಂಡಿಯ ಮೇಲಿಟ್ಟುಕೊಂಡೆ. "ಯಾಕೆ ಅಂತ ನನಗೂ ತಿಳಿಯಂಗಿಲ್ಲ. ನಿಮಗೆ ಮನಸ್ಸಿದ್ರೆ ಅನ್ನಿ. ಬ್ಯಾರೆ ಯಾಕೂ ಬ್ಯಾಡ" ಎಂದೆ.

ಎಷ್ಟೋ ವರ್ಷ ನಾನು ಆ ಮಾತಿನ ಸುತ್ತ ತಿರುಗಿದ್ದೇನೆ ಚಿಕ್ಕಪ್ಪ. ಈಗ ಅದೇ ಪುಸ್ತಕಗಳನ್ನು ಪಾಠ ಮಾಡುವಾಗ ಹುಡುಗಿಯರಿಗೆ ಹೇಳುತ್ತೇನೆ: ಆ ನಾಯಕಿಯರು ಪ್ರೀತಿಸಿದರು ನಿಜ, ಆದರೆ ಅವರ ಪ್ರೀತಿಯ ಹಿಂದೆ ಒಂದು ಹೆದರಿಕೆ ಸದಾ ನಿಂತಿರುತ್ತಿತ್ತು. ಮದುವೆಯಾಗದಿದ್ದರೆ ಅಣ್ಣನ ಮನೆಯ ಮೂಲೆಯೇ ಗತಿ ಎಂಬ ಹೆದರಿಕೆ. ಆ ಹೆದರಿಕೆ ತೆಗೆದುಬಿಟ್ಟರೆ ಒಂದು ಹೆಣ್ಣು ಒಬ್ಬ ಗಂಡಿಗೆ ಹೂಂ ಎನ್ನಲು ಏನು ಉಳಿಯುತ್ತದೆ? ಮನಸ್ಸೊಂದೇ. ಅದನ್ನು ನಾನು ಕಲಿತದ್ದು ಯಾವ ಟಿಪ್ಪಣಿಯಿಂದಲೂ ಅಲ್ಲ, ಆ ಸ್ಟೂಲಿನ ಮೇಲೆ ಕೂತಿದ್ದ ಮೇಡಮ್ಮಿನ ಮುಖ ನೋಡಿ. ನೀನು ಹಾಗೆ ಹೇಳಿದ ಮೇಲೆ ಅವರ ಮುಖ...

ಅವರು ಆ ದಿನ ಹೂಂ ಎನ್ನಲಿಲ್ಲ. "ಮೊದಲು ನಿಮ್ಮ ಅಣ್ಣನಿಗೆ ಹೇಳಿ ಬರ್ರಿ. ಒಪ್ಪಿಗೆ ಕೇಳ್ರಿ ಅಂತ ನಾನು ಹೇಳ್ತಿಲ್ಲ, ಹೇಳ್ರಿ ಅಂತೀನಿ. ಕೆಲಸ ನಾನು ಬಿಡೋದಿಲ್ಲ. ನಮ್ಮಮ್ಮನ್ನೂ ಬಿಡೋದಿಲ್ಲ" ಎಂದರು. ಒಳಗಿದ್ದ ತಾಯಿ ಆಗ ಹೊರಗೆ ಬಂದು, "ನನ್ನ ಚಿಂತಿ ಬಿಡವ್ವಾ. ನೀ ಹೋಗು, ನಾನು ಇಲ್ಲೇ ಹೆಂಗೋ..." ಎನ್ನುವಷ್ಟರಲ್ಲಿ ನೀನು ನಡುವೆ ಬಾಯಿ ಹಾಕಿದೆ. "ನೀವು ಇಬ್ರೂ ಎಲ್ಲಿಗೂ ಹೋಗಬ್ಯಾಡ್ರಿ. ನಾನೇ ಇಲ್ಲಿಗೆ ಬರ್ತೀನಿ. ದಾವಣಗೆರೆ ಏನ್ ದೂರ? ಗಾಡಿ ಐತೆ." ಅದನ್ನು ನೀನು ಮೊದಲೇ ಯೋಚಿಸಿಕೊಂಡು ಬಂದಿದ್ದೆಯಾ, ಅಲ್ಲೇ ಹೊಳೆಯಿತಾ? ಕೇಳಬೇಕೆಂದಿದ್ದೆ, ಕೇಳಲೇ ಇಲ್ಲ.

ಅಪ್ಪನಿಗೆ ನೀನು ಹೇಳಿದ ದಿನ ಊಟದ ಎಲೆ ಅರ್ಧಕ್ಕೇ ಉಳಿಯಿತು. ಅಪ್ಪ ಕೂಗಾಡುವವರಲ್ಲ, ನಿನಗೆ ಗೊತ್ತು. ಧ್ವನಿ ಇಳಿಸಿ ಒಂದೊಂದೇ ಮಾತು ಇಟ್ಟರು. "ಸಂಬಳಕ್ಕೆ ಹೋಗೋ ಹೆಣ್ಣು. ಇರ್ಲಿ. ಅಯ್ಯನೋರ ಮನೆಯೋರು. ಅದೂ ಇರ್ಲಿ. ಬಾಡಿಗಿ ಮನಿಗೆ ಹೋಗಿ ನೀನು ಮನೆ ಅಳಿಯ ಆಗ್ತೀಯಾ? ನಮ್ಮ ಮನೆತನದಾಗೆ ಯಾರ್ ಆಗ್ಯಾರೆ?" ಆ ಮಾತಿಗೆಲ್ಲ ನೀನು ಜಗ್ಗಲಿಲ್ಲ. ಆಗ ಅಮ್ಮ ಆಡಿದ ಮಾತು ನಿನ್ನನ್ನು ಅಲ್ಲಾಡಿಸಿತು. "ಗಿರಿಜಾನ ಮಾತುಕತೆ ಅರ್ಧಕ್ಕೆ ಬಂದೈತಲ್ಲೋ. ರಾಣೆಬೆನ್ನೂರಿನೋರು ಇದನ್ನ ಕೇಳಿದ್ರೆ ಮುಂದಕ್ಕೆ ಬರ್ತಾರಾ?"

ನಿಜ. ನನ್ನನ್ನು ನೋಡಿ ಹೋಗಿದ್ದರು. ದವಸದ ವ್ಯಾಪಾರದ ದೊಡ್ಡ ಮನೆ. ಆ ಹುಡುಗ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದು ನನ್ನನ್ನು ಒಂದೇ ಒಂದು ಮಾತು ಕೇಳಿದ್ದ: "ಓದು ಮುಗಿದಮ್ಯಾಲೆ ನಿಮಗೆ ಏನ್ ಮಾಡಬೇಕಂತ ಐತೆ?" ಅದುವರೆಗೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಹಾಗಾಗಿ ಆ ಮಾತನ್ನು ನಾನು ಮನಸ್ಸಿನಲ್ಲಿ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ನಿನಗೂ.

ಮರುದಿನ ಬೆಳಿಗ್ಗೆ ನೀನು ಹಿತ್ತಲ ಬಾವಿಕಟ್ಟೆಯ ಹತ್ತಿರ ನನ್ನನ್ನು ಕರೆದು, "ಮೇಡಮ್ಮಿಗೆ ಹೇಳಿಬಿಡು, ಆಗಂಗಿಲ್ಲ ಅಂತ. ನಿಂದು ಮೊದಲು ಆಗ್ಲಿ" ಎಂದೆ. ಮುಖ ತೊಳೆದ ನೀರು ಇನ್ನೂ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ನನಗೆ ಎಲ್ಲಿಂದ ಧೈರ್ಯ ಬಂತೋ. "ನಾನು ಹೇಳಂಗಿಲ್ಲ ಚಿಕ್ಕಪ್ಪ. ಇಂಥದ್ದಕ್ಕೆ ಹೆದರೋ ಮನಿಗೆ ನಾನು ಹೋದ್ರೆ ದಿನಾ ಹೆದರ್ತಾ ಇರಬೇಕಾಗ್ತೈತೆ. ನನ್ನ ಹೆಸರು ಹೇಳಿ ನೀನು ನಿಲ್ಲಿಸಬ್ಯಾಡ" ಎಂದೆ. ನೀನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡೆ. "ಆ ಹುಡುಗ ನಿನಗೆ ಹಿಡಿಸಿದ್ನಲ್ಲ?" ಎಂದೆ. ಹೇಗೆ ತಿಳಿಯಿತು ನಿನಗೆ? ನಾನು ಇಲ್ಲ ಎನ್ನಲಿಲ್ಲ. "ಅವನಿಗೆ ನಾನು ಹಿಡಿಸಿದ್ರೆ ಅವನೂ ಗಾಡಿ ಹತ್ತಿ ಬಂದು ಕೇಳ್ಲಿ" ಎಂದೆ.

ಅವನು ಬರಲಿಲ್ಲ. ರಾಣೆಬೆನ್ನೂರಿನಿಂದ ಅವರ ಸೋದರಮಾವ ಬಂದು ಅಪ್ಪನ ಹತ್ತಿರ ಜಾತಕದ ನೆಪ ಹೇಳಿ ಹೋದರು. ನಾನು ನಾಲ್ಕು ದಿನ ತಲೆನೋವೆಂದು ಮಲಗಿದೆ. ನೀನು ಅಂಗಡಿಯಿಂದ ಬರುವಾಗ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದು ಕಿಟಕಿಯಲ್ಲಿ ಇಟ್ಟು ಹೋಗುತ್ತಿದ್ದೆ.

ಅಣ್ಣನಿಗೆ ಹೇಳಿ ಆಯಿತೆಂದು ನೀನು ತಿಳಿಸಿದ ಮೇಲೆ ಮೇಡಂ ಹೂಂ ಎಂದರು. ನಿಮ್ಮ ಮದುವೆ ಹರಿಹರದ ಮಠದಲ್ಲಿ, ಬೆಳಗಿನ ಹೊತ್ತು. ಅವರ ಕಡೆಯ ಮಾವಂದಿರು ಬರಲಿಲ್ಲ, ನಮ್ಮ ಕಡೆಯಿಂದ ಅಪ್ಪ ಬರಲಿಲ್ಲ. ಅಕ್ಷತೆ ಹಾಕಲು ಕಾಲೇಜಿನ ಹುಡುಗಿಯರೇ ಹೆಚ್ಚು. ಅಮ್ಮ ಮಾತ್ರ ಕೊನೆಯ ಗಳಿಗೆಯಲ್ಲಿ, ನೆರೆಮನೆಯವರ ಜೊತೆ ಹೊಳೆ ನೋಡಲು ಹೋಗುತ್ತೇನೆಂದು ಹೇಳಿ ಬಂದರು. ಮಡಿಲಕ್ಕಿ ತುಂಬಿ, ಮೇಡಮ್ಮಿನ ಗಲ್ಲ ಮುಟ್ಟಿ, "ನಮ್ಮ ಮೈದುನ ಮಾತು ಜಾಸ್ತಿ, ಸಹಿಸ್ಕೋ" ಎಂದರು. ಅವತ್ತಿನಿಂದ ಮೇಡಂ ನನಗೆ ಚಿಕ್ಕಮ್ಮನಾದರು. ಆದರೂ ಕ್ಲಾಸಿನಲ್ಲಿ ಮೇಡಂ ಅಂತಲೇ ಕರೆಯಬೇಕು ಎಂದು ಕಟ್ಟಪ್ಪಣೆ ಮಾಡಿದರು.

ಆ ಕಾದಂಬರಿಗಳೆಲ್ಲ ಮದುವೆಗೆ ನಿಂತುಬಿಡುತ್ತವೆ. "ಅಲ್ಲಿಂದ ಮುಂದೆ?" ಎಂದು ನೀನು ಕೇಳಿದಾಗ ಪುಸ್ತಕ ಅಲ್ಲಿಗೇ ಮುಗಿಯಿತು ಎಂದಿದ್ದೆ. "ಇದೆಂಥ ಪುಸ್ತಕ, ವ್ಯಾಪಾರ ಶುರುವಾಗೋದೇ ಅಲ್ಲಿ" ಎಂದಿದ್ದೆ. ನಿನ್ನ ಅಲ್ಲಿಂದ ಮುಂದನ್ನು ನಾನು ಕಣ್ಣಾರೆ ನೋಡಿದೆ. ಬೆಳಗಿನ ಗಾಡಿಗೆ ಇಬ್ಬರೂ ಬರುತ್ತಿದ್ದಿರಿ. ಅವರು ಹೆಂಗಸರ ಡಬ್ಬಿಯಲ್ಲಿ, ನೀನು ಹಿಂದಿನ ಡಬ್ಬಿಯಲ್ಲಿ. ಗಾಡಿ ನಿಲ್ಲುವ ಮೊದಲೇ ನೀನು ಇಳಿದು ಪ್ಲಾಟ್‌ಫಾರಂ ಮೇಲೆ ಅವರ ಬುತ್ತಿಯ ಚೀಲ ಹಿಡಿದು ನಿಂತಿರುತ್ತಿದ್ದೆ. ಪೇಟೆಯಲ್ಲಿ ನಗುವವರು ನಕ್ಕರು. ಮನೆ ಅಳಿಯ ಅಂದರು, ಲೆಕ್ಚರಮ್ಮನ ಗಂಡ ಅಂದರು. ನೀನು ಅದನ್ನೇ ಗಿರಾಕಿಗಳಿಗೆ ಹೇಳಿಕೊಂಡು ನಗಿಸುತ್ತಿದ್ದೆ. ಆದರೆ ಒಂದು ಸಲ, ಮದುವೆಯಾದ ಹೊಸತು, ಪರಿಚಯದವರ ಮನೆಯ ಗೃಹಪ್ರವೇಶದಲ್ಲಿ ನಿನ್ನನ್ನು ಕರೆದು ಕೂರಿಸದೆ ಇದ್ದಾಗ ನಿನ್ನ ಮುಖ ಸಣ್ಣದಾಗಿದ್ದನ್ನೂ ನಾನು ನೋಡಿದ್ದೇನೆ. ಮನೆಯಲ್ಲಿ ಎಲ್ಲ ಸಲೀಸಾಗಿತ್ತೆಂದೂ ಅಲ್ಲ. ಪರೀಕ್ಷೆಯ ಪೇಪರು ತಿದ್ದುವ ದಿನಗಳಲ್ಲಿ ಚಿಕ್ಕಮ್ಮ ನಿನ್ನ ಜೊತೆ ಮಾತೇ ಆಡುತ್ತಿರಲಿಲ್ಲ, ನೀನು ಹರಿಹರೇಶ್ವರನ ಗುಡಿಯ ಕಂಬದ ಮಂಟಪದಲ್ಲಿ ಹೋಗಿ ಕೂತು ಹೊತ್ತು ಕಳೆದು ಬರುತ್ತಿದ್ದೆ. "ಪುಸ್ತಕದಾಗೆ ಇದನ್ನ ಬರೆಯಂಗಿಲ್ಲ ಅಲ್ಲ?" ಎಂದು ನನ್ನನ್ನು ಕೇಳಿದ್ದೆ. ದೂರು ಹೇಳುವ ಧ್ವನಿಯಲ್ಲ ಅದು.

ಅಪ್ಪ ಮತ್ತು ನೀನು. ಇದನ್ನು ಬರೆಯುವುದು ಕಷ್ಟ. ಒಂದೇ ಅಂಗಡಿ, ಒಂದೇ ಗಾದಿ. ಆದರೂ ಬಟ್ಟೆಯ ಮಾತು ಬಿಟ್ಟು ಬೇರೆ ಮಾತಿಲ್ಲ. "ಮಲ್ಲು ಎಷ್ಟು ಉಳಿದೈತೆ?" "ಎರಡು ಥಾನು." ಅಲ್ಲಿಗೆ ಮುಗಿಯಿತು. ಅಪ್ಪ ಹರಿಹರದ ಮನೆಯ ಹೊಸ್ತಿಲು ತುಳಿಯಲಿಲ್ಲ, ಚಿಕ್ಕಮ್ಮನ ಹೆಸರು ಎತ್ತಲಿಲ್ಲ. ಮಧ್ಯಾಹ್ನ ನೀನು ನಿನ್ನ ಬುತ್ತಿ ಬಿಚ್ಚಿದರೆ ಅಪ್ಪ ಎದ್ದು ಮನೆಗೆ ಊಟಕ್ಕೆ ಹೊರಡುತ್ತಿದ್ದರು. ಐದು ವರ್ಷ ಹೀಗೇ. ಕೊನೆಗೆ ಆ ಸೋಮವಾರ ನೀನು ಗಾಡಿ ಇಳಿದು ಬಂದು, ಎದೆ ಹಿಡಿದುಕೊಂಡು ಗಾದಿಯ ಮೇಲೆ ಕೂತೆಯಂತೆ. "ಅಣ್ಣಾ, ಸ್ವಲ್ಪ ನೀರು" ಎಂದೆಯಂತೆ. ಅಪ್ಪ ನೀರು ಹಿಡಿದು ಬರುವಷ್ಟರಲ್ಲಿ... ಅವರು ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು, ನಾವೆಲ್ಲ ಬರುವವರೆಗೂ.

ನೀನು ಹೋದ ಮೇಲೆ ಚಿಕ್ಕಮ್ಮ ಹದಿನೈದು ದಿನಕ್ಕೆ ಕಾಲೇಜಿಗೆ ಬಂದರು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಅದೇ ಕಾಲೇಜಿಗೆ ಸೇರಿದ್ದು ನಿನಗೆ ಗೊತ್ತು, ಮೊದಲ ಸಂಬಳದ ದಿನ ನೀನೇ ಪೇಡೆ ಹಂಚಿದ್ದೆ. ಈಗ ನಾವಿಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂರುತ್ತೇವೆ. ನಿನಗೆ ಗೊತ್ತಿಲ್ಲದ ಸುದ್ದಿ ಇಲ್ಲಿಂದ ಶುರು.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಮಲ್ಲಿಕಾರ್ಜುನ ಎಂಬವರಿದ್ದಾರೆ. ಮಾಯಕೊಂಡದ ಒಕ್ಕಲು ಮನೆತನ, ಮನೆಯಲ್ಲಿ ಓದಿದವರು ಇವರೇ ಮೊದಲು. ಮಾತು ಕಡಿಮೆ. ದಾರಿಯಲ್ಲಿ ಹೋಗುತ್ತ ಯಾವುದೋ ಬೇಲಿಯ ಸೊಪ್ಪು ಕಿತ್ತು ಹಿಡಿದು ನಿಂತುಬಿಡುತ್ತಾರೆ. ಒಂದು ದಿನ ವರಾಂಡದಲ್ಲಿ ನಾನೇ ಅವರನ್ನು ನಿಲ್ಲಿಸಿ ಕೇಳಿದೆ.

"ನಿಮಗೆ ಮನೇಲಿ ಹೆಣ್ಣು ನೋಡ್ತಾ ಇದ್ದಾರ್ರಾ?"

"ನೋಡ್ತಾ ಅದಾರೆ."

"ನನ್ನನ್ನೂ ನೋಡಾಕೆ ಹೇಳ್ರಿ."

ಅವರು ಕೈಯಲ್ಲಿದ್ದ ಗಿಡವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. "ನಮ್ಮದು ಹೊಲ ಮನಿ ಕೆಲಸದ ಮನೆ ಕಣ್ರಿ" ಎಂದರು. "ಕೆಲಸ ನಾನು ಬಿಡಂಗಿಲ್ಲ, ಅದನ್ನೂ ಮನೇಲಿ ಹೇಳ್ರಿ" ಎಂದೆ. ಮೂರು ದಿನ ಅವರು ಸ್ಟಾಫ್ ರೂಮಿನ ಕಡೆ ತಲೆ ಹಾಕಲಿಲ್ಲ. ನಾಲ್ಕನೇ ದಿನ ಬಂದು, ಅವ್ವ ಬರುತ್ತಾರಂತೆ ಮಾತುಕತೆಗೆ, ಎಲ್ಲಿಗೆ ಬರಬೇಕು ಎಂದು ಕೇಳಿದರು. ಕಿವಿ ಕೆಂಪಾಗಿತ್ತು.

ಅಪ್ಪನಿಗೆ ಹೇಳಿದೆ. ಎರಡು ದಿನ ಅಪ್ಪ ಎಂದಿನಂತೆ ಅಂಗಡಿಗೆ ಹೋಗಿ ಬಂದರು. ಮೊನ್ನೆ ಭಾನುವಾರ ಸ್ನಾನ ಮಾಡಿ ಪೇಟ ಸುತ್ತಿಕೊಂಡು ಬಂದು, "ನಡಿ, ಹರಿಹರಕ್ಕೆ ಹೋಗಾನ" ಎಂದರು. ಸ್ಟೇಷನ್ನಿನ ಹಿಂದಿನ ದಾರಿ ಅವರಿಗೆ ಗೊತ್ತಿರಲಿಲ್ಲ, ನಾನು ಮುಂದೆ ನಡೆದೆ. ಚಿಕ್ಕಮ್ಮ ಬಾಗಿಲು ತೆಗೆದವರು ಅಪ್ಪನನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ "ಬರ್ರಿ" ಎಂದು ಪಕ್ಕಕ್ಕೆ ಸರಿದರು.

ಅಪ್ಪ ಕುರ್ಚಿಯ ತುದಿಯಲ್ಲಿ ಕೂತರು. "ಈ ಹುಡುಗಿ ವಿಷಯ. ಮಾಯಕೊಂಡದೋರು ಮಾತುಕತೆಗೆ ಬರ್ತೀವಿ ಅಂದಾರೆ. ಅದು ಇಲ್ಲೇ ಆಗ್ಲಿ ಅಂತ ನನಗೆ. ನಮ್ಮ ಕಡೆಯಿಂದ ಹಿರೇರಾಗಿ ನೀವು ಕೂಡ್ರಬೇಕು."

"ನಾನಾ?" ಚಿಕ್ಕಮ್ಮನ ಕೈ ಕುಂಕುಮವಿಲ್ಲದ ಹಣೆಯ ಕಡೆ ಹೋಯಿತು. "ನಾನು ಹಿಂಗಿರುವಾಗ ಶುಭದ ಮಾತಿಗೆ... ಜನ ಏನಂತಾರ್ರಿ?"

ಅಪ್ಪ ನೆಲ ನೋಡುತ್ತ ಹೇಳಿದರು. "ಜನ ಏನಂತಾರೆ ಅಂತ ನೋಡ್ಕೊಂಡೇ ಕೂತೆ. ಐದು ವರ್ಷ ಪಕ್ಕದಾಗೆ ಕೂತಿದ್ದ ತಮ್ಮನ್ನ ಊಟ ಆತೇನೋ ಅಂತ ಕೇಳಲಿಲ್ಲ. ಇನ್ನ ಸಾಕು ನನಗೆ. ಮಾತು ನೀವು ಆಡ್ರಿ. ನಾನು ಪಕ್ಕದಾಗೆ ಕೂತಿರ್ತೀನಿ."

ಚಿಕ್ಕಮ್ಮ ನನ್ನ ಕಡೆ ತಿರುಗಿ, "ಅವರ ಅವ್ವನ ಮುಂದೆ ಕೆಲಸದ ವಿಷಯ ನೀನೇ ಹೇಳಬೇಕು, ನಾನು ಹೇಳೋದಿಲ್ಲ" ಎಂದರು. ಹೇಳುತ್ತೇನೆಂದು ಮಾತು ಕೊಟ್ಟೆ. ನಿನಗೂ ಕೊಡುತ್ತಿದ್ದೇನೆ, ಅವರು ಒಪ್ಪಲಿ ಬಿಡಲಿ. ಅಷ್ಟು ಹೇಳಿ ಚಿಕ್ಕಮ್ಮ ಒಳಗೆ ಹೋದರು. ತುಸು ಹೊತ್ತಿನ ಮೇಲೆ ಅಡುಗೆಮನೆಯಿಂದಲೇ, "ಹೊತ್ತಾತು, ಕೈ ತೊಳ್ಕೊಂಡು ಬರ್ರಿ" ಎಂದರು.

ಅಪ್ಪ ಎದ್ದರು. ಹೊರಟೇಬಿಡುತ್ತಾರೆ ಎಂದುಕೊಂಡೆ. ಅವರು ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದು, ನೆಲದ ಮೇಲೆ ಹಾಸಿದ್ದ ಚಾಪೆಯ ಮೇಲೆ ಕೂತರು. ಚಿಕ್ಕಮ್ಮನ ತಾಯಿ, ಈಗ ಕಣ್ಣು ಸರಿಯಾಗಿ ಕಾಣದವರು, "ಯಾರ್ ಬಂದಾರವ್ವಾ?" ಎಂದು ಕೇಳಿದರು. "ಭಾವನೋರು" ಎಂದರು ಚಿಕ್ಕಮ್ಮ. ಮೊದಲ ಸಲ ಆ ಹೆಸರಿನಿಂದ ಕರೆದದ್ದು. ಅಪ್ಪ ತಲೆ ಎತ್ತಲಿಲ್ಲ, ರೊಟ್ಟಿ ಮುರಿಯುತ್ತಿದ್ದರು. ಎರಡನೇ ರೊಟ್ಟಿ ಹಾಕಲು ಚಿಕ್ಕಮ್ಮ ಬಗ್ಗಿದಾಗ, ಬ್ಯಾಡ ಎನ್ನಲಿಲ್ಲ.

ನಿನ್ನ
ಗಿರಿಜಾ